ಮಾಹೆ ದ್ವೀಪದ ಗರಗಸ ಗೂಬೆಯನ್ನು ಕಿವಿಯಿಂದ ಹುಡುಕುವುದು ಹೇಗೆ

ಸೆಶೆಲ್ಸ್‌ನ ಮಾಹೆ ದ್ವೀಪಕ್ಕೆ ಹೋದರೆ ಒಂದು ರಾತ್ರಿಯನ್ನು ಈ ಗೂಬೆಗಾಗಿ ಎತ್ತಿಡಿ. ಸ್ಕಾಪ್ಸ್ ಅನ್ನುವ ಸಣ್ಣ ಗೂಬೆಗಳ ಗುಂಪಿಗೆ ಸೇರಿದ, ಸುಮಾರು 20 ಸೆಂಟಿಮೀಟರ್ ಉದ್ದದ ಪುಟ್ಟ ಹಕ್ಕಿ ಇದು. ಇಡೀ ಜಗತ್ತಿನಲ್ಲಿ ಈ ಒಂದೇ ದ್ವೀಪದ ಬೆಟ್ಟದ ಕಾಡಲ್ಲಿ ಉಳಿದಿದೆ, ಅದೂ ಕೆಲವೇ ನೂರು. ಅಲ್ಲಿನ ಕ್ರಿಯೋಲ್ ಮಾತಿನಲ್ಲಿ ಇದಕ್ಕೆ ‘ಸಿಯೇರ್’ ಅನ್ನುತ್ತಾರೆ, ಅಂದರೆ ಮರ ಕೊಯ್ಯುವವನು. ಹುಡುಕುವ ದಾರಿ ಆ ಹೆಸರಲ್ಲೇ ಇದೆ.

ಕಡಲತೀರದಲ್ಲಿ ಸುಮ್ನೆ ಅಲೆಯಬೇಡಿ, ಇದು ಹೆಚ್ಚಾಗಿ 200 ಮೀಟರ್‌ಗಿಂತ ಮೇಲಿನ ಕಾಡಿನ ಹಕ್ಕಿ. ರಾಜಧಾನಿ ವಿಕ್ಟೋರಿಯಾದಿಂದ ಬೆಟ್ಟ ಹತ್ತಿ ಆಚೆ ಪೋರ್ಟ್ ಗ್ಲೋ ಕಡೆಗೆ ಇಳಿಯುವ ಸಾನ್ ಸೂಸಿ ರಸ್ತೆ ಮೋರ್ನ್ ಸೆಶೆಲ್ವಾ ರಾಷ್ಟ್ರೀಯ ಉದ್ಯಾನವನ್ನು ಹಾದು ಹೋಗುತ್ತದೆ. ಆ ದಾರಿಯಲ್ಲಿ ಮಿಷನ್ ಅನ್ನುವ ಹಳೆಯ ಪಾಳುಕಟ್ಟಡಗಳ ಜಾಗ ಸಿಗುತ್ತದೆ. 1958ರ ಹೊತ್ತಿಗೆ ಈ ಗೂಬೆ ಅಳಿದೇ ಹೋಯಿತು ಅಂದುಕೊಂಡಿದ್ದರು, ಸ್ವಲ್ಪ ಕಾಲಕ್ಕೇ ಮತ್ತೆ ಸಿಕ್ಕಿದ್ದು ಇದೇ ಮಿಷನ್ ಸುತ್ತಮುತ್ತ. ಹಗಲಲ್ಲೇ ಒಮ್ಮೆ ಹೋಗಿ ಗಾಡಿಯನ್ನು ಪೂರ್ತಿ ಬದಿಗೆ ನಿಲ್ಲಿಸುವ ಜಾಗ ನೋಡಿಟ್ಟುಕೊಳ್ಳಿ. ರಸ್ತೆ ಕಿರಿದು, ತಿರುವು ಜಾಸ್ತಿ.

ದ್ವೀಪ ಸಮಭಾಜಕ ವೃತ್ತಕ್ಕೆ ಹತ್ತಿರ ಇರುವುದರಿಂದ ವರ್ಷವಿಡೀ ಸಂಜೆ ಆರೂವರೆ ಆಸುಪಾಸಿಗೇ ಸೂರ್ಯ ಮುಳುಗಿ ಬೇಗ ಕತ್ತಲಾಗುತ್ತದೆ. ಅಷ್ಟರೊಳಗೆ ಅಲ್ಲಿರಿ. ಮಳೆ ಅಥವಾ ಜೋರು ಗಾಳಿ ಇದ್ದರೆ ಇನ್ನೊಂದು ದಿನ ನೋಡಿ, ಎಲೆಗಳ ಸದ್ದಿನಲ್ಲಿ ಏನೂ ಕೇಳಿಸುವುದಿಲ್ಲ.

ಈಗ ಟಾರ್ಚ್ ಆರಿಸಿ, ಮಾತು ನಿಲ್ಲಿಸಿ, ಕಿವಿಯ ಹಿಂದೆ ಅಂಗೈ ಬಟ್ಟಲಿನ ಹಾಗೆ ಹಿಡಿದು ನಿಧಾನವಾಗಿ ತಿರುಗಿ. ಮೊದಲು ಕೇಳುವುದು ಕಪ್ಪೆಗಳ ಕಿರುಗುಟ್ಟುವಿಕೆ, ಹಣ್ಣಿನ ಮರದಲ್ಲಿ ಬಾವಲಿಗಳ ಜಗಳ. ಅವನ್ನೆಲ್ಲ ಬದಿಗಿಡಿ. ನಿಮಗೆ ಬೇಕಾದ್ದು ತಗ್ಗಿದ, ಒರಟು ದನಿ: ವ್ಹಾ... ವ್ಹಾ... ವ್ಹಾ... ದೊಡ್ಡ ಗರಗಸವನ್ನು ಒಂದೇ ಲಯದಲ್ಲಿ ಯಾರೋ ಎಳೆಯುತ್ತಿರುವ ಹಾಗೆ. ಇಷ್ಟು ಸಣ್ಣ ಹಕ್ಕಿಯ ಎದೆಯಿಂದ ಈ ದನಿ ಬರುತ್ತದೆ ಅಂತ ನಂಬುವುದೇ ಕಷ್ಟ. ನಡುನಡುವೆ ‘ಟೊಕ್ ಟೊಕ್’ ಅಂತ ಮರ ಕುಟ್ಟಿದಂಥ ಸದ್ದೂ ಸೇರಿಕೊಂಡರೆ ಅನುಮಾನವೇ ಬೇಡ, ಅದೇ. ಉದ್ದಕ್ಕೆ ಕಿರುಚಿದ ಹಾಗೆ ಕೇಳಿದರೆ ಅದು ಕಣಜ ಗೂಬೆ (ಬಾರ್ನ್ ಔಲ್). ಇಲಿ ಹಿಡಿಯಲಿ ಅಂತ ಹೊರಗಿನಿಂದ ತಂದು ಬಿಟ್ಟದ್ದು ಅದು, ಸ್ಥಳೀಯ ಹಕ್ಕಿಗಳಿಗೆ ದೊಡ್ಡ ಕಾಟವಾಗಿಬಿಟ್ಟಿದೆ.

ದನಿ ಬಂದ ಕಡೆಗೆ ಕಾಡೊಳಗೆ ನುಗ್ಗಬೇಡಿ. ರಸ್ತೆಯ ಮೇಲೇ ಹತ್ತು ಹೆಜ್ಜೆ ಸರಿದು ಮತ್ತೊಮ್ಮೆ ಕೇಳಿದರೆ ಮರ ಯಾವುದು ಅಂತ ಸುಮಾರಾಗಿ ಗೊತ್ತಾಗುತ್ತದೆ. ಅದು ಹಲ್ಲಿ, ಕಪ್ಪೆ, ಹುಳ ಹಿಡಿದು ಬದುಕುತ್ತದೆ, ಬೇಟೆಯ ನಡುವೆ ರಸ್ತೆ ಬದಿಯ ಕೊಂಬೆಗೂ ಬಂದು ಕೂತೀತು. ಮಂದ ಟಾರ್ಚನ್ನು ಕೊಂಬೆಯ ಪಕ್ಕಕ್ಕೆ ಬಿಟ್ಟು, ಎರಡು ಮೂರು ಸೆಕೆಂಡಲ್ಲಿ ಆರಿಸಿಬಿಡಿ. ಅಷ್ಟರಲ್ಲಿ ಕಾಲು ನೋಡಿ. ಬೇರೆ ಎಷ್ಟೋ ಸ್ಕಾಪ್ಸ್ ಗೂಬೆಗಳ ಕಾಲಿಗೆ ಪುಕ್ಕದ ಕಾಲುಚೀಲ ಇರುತ್ತದೆ, ಇದರದ್ದು ಬರಿಗಾಲು. ತಲೆಯ ಮೇಲಿನ ‘ಕಿವಿ’ ಜುಟ್ಟೂ ಕಂಡೂ ಕಾಣದಷ್ಟು ಚಿಕ್ಕದು.

ಒಂದು ವಿಷಯದಲ್ಲಿ ಮಾತ್ರ ನಾನು ಹಟ ಹಿಡಿಯುತ್ತೇನೆ: ಮೊಬೈಲಲ್ಲಿ ಅದರ ಕೂಗು ಹಾಕಿ ಕರೆಯಬೇಡಿ. ತನ್ನ ಜಾಗಕ್ಕೆ ಬೇರೆ ಗೂಬೆ ಬಂತು ಅಂದುಕೊಂಡು ಅದು ಬೇಟೆ ಬಿಟ್ಟು ಓಡಿ ಬರುತ್ತದೆ. ಗೂಡಲ್ಲಿ ಇರುವುದು ಒಂದೇ ಮೊಟ್ಟೆ. ಈ ಜಾತಿಗೆ ವಿಜ್ಞಾನದ ಹೆಸರು ಸಿಕ್ಕಿದ್ದು 1880ರಲ್ಲಿ, ಮೊದಲ ಗೂಡು ಕಣ್ಣಿಗೆ ಬಿದ್ದದ್ದು 1999ರಲ್ಲಿ. ಅಷ್ಟು ಅಪರೂಪದ್ದು ಅಲ್ವಾ! ಹಾಗಾಗಿ ಮರದ ಪೊಟರೆಗೆ ಅದು ಹೋಗಿ ಬರುವುದು ಕಂಡರೆ ತಕ್ಷಣ ದೂರ ಸರಿಯಿರಿ, ಫೋಟೋ ತೆಗೆಯಬೇಡಿ, ಜಾಗವನ್ನು ಉದ್ಯಾನದ ಸಿಬ್ಬಂದಿಗೆ ಬಿಟ್ಟು ಬೇರೆ ಯಾರಿಗೂ ಹೇಳಬೇಡಿ.