ಟಿವಿಯನ್ನು ಕಂಪ್ಯೂಟರಿಗೆ ಜೋಡಿಸಿದಾಗ ಅಕ್ಷರ ಸ್ಪಷ್ಟವಾಗಿ ಕಾಣಬೇಕಾದರೆ

ಹತ್ತು ಅಡಿ ದೂರದ ಸೋಫಾದಿಂದ ಸಿನಿಮಾ ನೋಡುವುದಕ್ಕೂ ಎರಡೂವರೆ ಅಡಿ ದೂರದಲ್ಲಿ ಕುಳಿತು ಕನ್ನಡದಲ್ಲಿ ಒಂದು ಪತ್ರ ಬರೆಯುವುದಕ್ಕೂ ಪರದೆಯಿಂದ ನಾವು ನಿರೀಕ್ಷಿಸುವುದು ಬೇರೆ ಬೇರೆ. ಆದ್ದರಿಂದ ಕೇಬಲ್ ತರುವ ಮೊದಲು ನಿಮ್ಮ ಟಿವಿಯ ರೆಸಲ್ಯೂಷನ್, ಅಂದರೆ ಪರದೆಯಲ್ಲಿರುವ ಪಿಕ್ಸೆಲ್‌ಗಳೆಂಬ ಚುಕ್ಕೆಗಳ ಸಂಖ್ಯೆ, ಎಷ್ಟೆಂದು ನೋಡಿಕೊಳ್ಳಿ. ‘ಎಚ್‌ಡಿ ರೆಡಿ’ ಎಂದು ಮಾರುವ 32 ಇಂಚಿನ ಟಿವಿಗಳಲ್ಲಿ ಸಾಮಾನ್ಯವಾಗಿ ಇರುವುದು 1366×768 ಪಿಕ್ಸೆಲ್, ಅಂದರೆ ಇಂಚಿಗೆ ಸುಮಾರು 49. 24 ಇಂಚಿನ ಫುಲ್ ಎಚ್‌ಡಿ ಮಾನಿಟರಿನಲ್ಲಿ ಇದು 92ರಷ್ಟಿರುತ್ತದೆ. ಇಂಗ್ಲಿಷ್ ಅಕ್ಷರಗಳು ಹೇಗೋ ಸುಧಾರಿಸಿಕೊಳ್ಳುತ್ತವೆ. ಆದರೆ ‘ಸ್ತ್ರೀ’, ‘ಲಕ್ಷ್ಮಿ’ಯಂಥ ಪದಗಳಲ್ಲಿ ಕೆಳಗಿನ ಒತ್ತುಗಳು ಒಂದಕ್ಕೊಂದು ಅಂಟಿಕೊಂಡು ಮುದ್ದೆಯಾಗುತ್ತವೆ. ಬರವಣಿಗೆಯ ಕೆಲಸಕ್ಕೆ 43 ಇಂಚಿನ 4ಕೆ (3840×2160 ಪಿಕ್ಸೆಲ್) ಟಿವಿ ಸೂಕ್ತವೆಂಬುದು ನನ್ನ ಅಭಿಪ್ರಾಯ. ಅದರಲ್ಲಿ ಇಂಚಿಗೆ ಸುಮಾರು 102 ಪಿಕ್ಸೆಲ್‌ಗಳಿರುತ್ತವೆ. ಅದಕ್ಕಿಂತ ದೊಡ್ಡದಾದರೆ ಮೇಜಿನ ಮೇಲೆ ಇಟ್ಟುಕೊಂಡಾಗ ಕತ್ತು ತಿರುಗಿಸುವುದೇ ಒಂದು ಕೆಲಸವಾಗುತ್ತದೆ.

ಜೋಡಣೆಗೆ ಎಚ್‌ಡಿಎಂಐ ಕೇಬಲ್ ಸಾಕು, ಚಿತ್ರದ ಜೊತೆಗೆ ಧ್ವನಿಯೂ ಅದರಲ್ಲೇ ಬರುತ್ತದೆ. ಹಳೆಯ ವಿಜಿಎ ಕೇಬಲ್ಲಾದರೆ ಧ್ವನಿಗೆ ಬೇರೆ ತಂತಿ ಬೇಕು. ವಿಂಡೋಸ್‌ನಲ್ಲಿ ವಿಂಡೋಸ್ ಕೀಲಿಯನ್ನೂ ‘ಪಿ’ ಕೀಲಿಯನ್ನೂ ಒಟ್ಟಿಗೆ ಒತ್ತಿದರೆ ಯಾವ ಪರದೆ ಬೇಕೆಂದು ಆರಿಸಬಹುದು. 4ಕೆ ಟಿವಿಯಲ್ಲಿ ಮೌಸ್ ಬಾಣ ತಡೆತಡೆದು ಚಲಿಸುತ್ತಿದ್ದರೆ ಚಿತ್ರ ಸೆಕೆಂಡಿಗೆ 30 ಸಲ ಮಾತ್ರ ಬದಲಾಗುತ್ತಿದೆಯೆಂದು ತಿಳಿಯಬಹುದು. ಎಚ್‌ಡಿಎಂಐ 1.4ರ ಮಿತಿ ಅಷ್ಟೇ. ಪೂರ್ಣ ಗುಣಮಟ್ಟದಲ್ಲಿ 60 ಸಲ ಬೇಕಾದರೆ ಕಂಪ್ಯೂಟರ್, ಟಿವಿಯ ಪೋರ್ಟ್ ಎರಡೂ ಕನಿಷ್ಠ 2.0 ಆವೃತ್ತಿಯವಾಗಿದ್ದು, ಕೇಬಲ್ಲೂ ಆ ವೇಗವನ್ನು ತಾಳುವಂತಿರಬೇಕು. ಇದರ ಮೇಲೆ ಟಿವಿಯ ಮೆನುವಿನಲ್ಲಿ ಆ ಪೋರ್ಟಿಗೆ ಅನುಮತಿಯನ್ನೂ ಕೊಡಬೇಕಾಗಬಹುದು. ಸ್ಯಾಮ್‌ಸಂಗ್‌ನಲ್ಲಿ ಅದರ ಹೆಸರು ‘ಇನ್‌ಪುಟ್ ಸಿಗ್ನಲ್ ಪ್ಲಸ್’, ಎಲ್‌ಜಿಯಲ್ಲಿ ‘ಎಚ್‌ಡಿಎಂಐ ಡೀಪ್ ಕಲರ್’.

ಪರದೆಯ ಕೆಳಗಿನ ಟಾಸ್ಕ್‌ಬಾರ್ ಅರ್ಧ ಕತ್ತರಿಸಿಹೋಗಿದ್ದರೆ ಅದು ಓವರ್‌ಸ್ಕ್ಯಾನ್. ಪಿಕ್ಚರ್ ಟ್ಯೂಬಿನ ಕಾಲದಲ್ಲಿ ಅಂಚಿನ ಓರೆಕೋರೆ ಕಾಣದಿರಲೆಂದು ಚಿತ್ರವನ್ನು ಚೌಕಟ್ಟಿನಾಚೆಗೂ ಹಿಗ್ಗಿಸುತ್ತಿದ್ದರು. ಟ್ಯೂಬ್ ಹೋದರೂ ಆ ಅಭ್ಯಾಸ ಉಳಿದುಕೊಂಡಿದೆ. ಇದನ್ನು ಟಿವಿಯಲ್ಲೇ ಸರಿಪಡಿಸಬೇಕು: ಚಿತ್ರದ ಗಾತ್ರದ ಆಯ್ಕೆಯಲ್ಲಿ ‘ಜಸ್ಟ್ ಸ್ಕ್ಯಾನ್’, ‘ಸ್ಕ್ರೀನ್ ಫಿಟ್’ ಅಥವಾ ‘ಫುಲ್ ಪಿಕ್ಸೆಲ್’ ಎಂಬುದನ್ನು ಆರಿಸಿ. ಕಂಪ್ಯೂಟರಿನಲ್ಲಿ ಚಿತ್ರವನ್ನು ಕುಗ್ಗಿಸಿದರೆ ಅಂಚೇನೋ ಸರಿಹೋಗುತ್ತದೆ, ಆದರೆ ಅಕ್ಷರಗಳು ಮತ್ತಷ್ಟು ಮಸುಕಾಗುತ್ತವೆ.

ಇಷ್ಟಾದರೂ ಬಣ್ಣದ ಅಕ್ಷರಗಳ ಅಂಚು ಕಲಸಿಹೋದಂತೆ ಕಾಣುವುದುಂಟು. ಕನ್ನಡಕದ ನಂಬರು ಬದಲಾಗಿರಬೇಕೆಂದು ನಾನೇ ಒಂದು ವಾರ ನಂಬಿಕೊಂಡಿದ್ದೆ. ಟಿವಿಗಳು ಬಣ್ಣದ ವಿವರವನ್ನು ಪ್ರತಿ ಪಿಕ್ಸೆಲ್ಲಿಗೂ ಇಟ್ಟುಕೊಳ್ಳದೆ ಅಕ್ಕಪಕ್ಕದವಕ್ಕೆ ಹಂಚಿಬಿಡುವುದೇ ಇದಕ್ಕೆ ಕಾರಣ. ವೀಡಿಯೊದಲ್ಲಿ ಗೊತ್ತೇ ಆಗದ ಈ ಉಳಿತಾಯ ಅಕ್ಷರದಲ್ಲಿ ಕೂಡಲೇ ಬಯಲಾಗುತ್ತದೆ. ನೀಲಿ ಹಿನ್ನೆಲೆಯ ಮೇಲೆ ಸಣ್ಣ ಕೆಂಪಕ್ಷರದಲ್ಲಿ ‘ಶ್ರೀ’ ಎಂದು ಬರೆದು ನೋಡಿ: ರಾವತ್ತು ಬಿಡಿಸಿ ಕಾಣದಿದ್ದರೆ, ಟಿವಿಯ ಇನ್‌ಪುಟ್ ಪಟ್ಟಿಯಲ್ಲಿ ಆ ಪೋರ್ಟಿನ ಹೆಸರನ್ನೋ ಚಿಹ್ನೆಯನ್ನೋ ‘ಪಿಸಿ’ ಎಂದು ಬದಲಾಯಿಸಿ. ಬರಿಯ ಹೆಸರು ಬದಲಿಸಿದರೆ ಏನಾದೀತೆಂದು ಅನ್ನಿಸಬಹುದು. ಆದರೆ ಹಲವು ಟಿವಿಗಳು ಇದೊಂದರಿಂದಲೇ ಪೂರ್ಣ ಬಣ್ಣವನ್ನು, ಅಂದರೆ 4:4:4 ಸಿಗ್ನಲ್ಲನ್ನು, ಇದ್ದಂತೆಯೇ ತೋರಿಸಲು ಒಪ್ಪುತ್ತವೆ. ಬಳಿಕ ‘ಶಾರ್ಪ್‌ನೆಸ್’ ಅನ್ನು ಅಕ್ಷರದ ಸುತ್ತಲಿನ ಬಿಳಿಗೆರೆ ಮಾಯವಾಗುವವರೆಗೂ ಇಳಿಸಿ, ಚಲನೆಯನ್ನು ನಯಗೊಳಿಸುವ ಸೌಲಭ್ಯವನ್ನು ನಿಲ್ಲಿಸಿಬಿಡಿ. ಮೌಸ್ ಇನ್ನೂ ತಡವಾಗಿ ಸ್ಪಂದಿಸಿದರೆ ‘ಗೇಮ್ ಮೋಡ್’ ನೆರವಿಗೆ ಬರುತ್ತದೆ.

ಕಪ್ಪು ಬಣ್ಣ ಬೂದಿಯಂತೆ ಕಂಡರೆ ಕಂಪ್ಯೂಟರಿನ ಗ್ರಾಫಿಕ್ಸ್ ಸೆಟ್ಟಿಂಗ್‌ನಲ್ಲೂ ಟಿವಿಯಲ್ಲೂ ಬಣ್ಣದ ವ್ಯಾಪ್ತಿ (ಕಪ್ಪಿನಿಂದ ಬಿಳಿಯವರೆಗಿನ ಅಂಕಿಗಳು) ಒಂದೇ ಆಗಿದೆಯೇ, ಅಂದರೆ ಎರಡೂ 0–255 ಅಥವಾ ಎರಡೂ 16–235 ಆಗಿವೆಯೇ ಎಂದು ಪರೀಕ್ಷಿಸಿ. ಅಂಗಡಿಯಲ್ಲಿ ಕಣ್ಣಿಗೆ ಹೊಡೆಯಲೆಂದು ಇಟ್ಟ ಬೆಳಕು ಮೇಜಿಗೆ ವಿಪರೀತವಾಗುವುದರಿಂದ ಅದನ್ನು ಧಾರಾಳವಾಗಿ ತಗ್ಗಿಸಿ. ಒಎಲ್‌ಇಡಿ ಟಿವಿಯಾದರೆ ದಿನವಿಡೀ ಕದಲದ ಟಾಸ್ಕ್‌ಬಾರಿನ ಗುರುತು ಪರದೆಯಲ್ಲಿ ಶಾಶ್ವತವಾಗಿ ಉಳಿಯಬಹುದು. ಟಾಸ್ಕ್‌ಬಾರ್ ತಾನಾಗಿಯೇ ಮರೆಯಾಗುವಂತೆ ಮಾಡಿಡಿ. ಕಂಪ್ಯೂಟರ್ ನಿದ್ರಿಸಿದರೂ ಅನೇಕ ಟಿವಿಗಳು ‘ಸಿಗ್ನಲ್ ಇಲ್ಲ’ ಎಂದು ಬೆಳಗುತ್ತಲೇ ಇರುತ್ತವಾದ್ದರಿಂದ ರಿಮೋಟ್ ಕೈಗೆಟಕುವಂತಿರಲಿ.