ಗಾಜಿಗೆ ಅಂಟಿಸಿದ ಟ್ಯಾಗ್ ಸರಿಯಾಗಿ ಕೆಲಸ ಮಾಡುವಂತೆ ಮಾಡಿದ ಬಗೆ

ಮುಧೋಳ ಭಾಗದ ಸಕ್ಕರೆ ಕಾರ್ಖಾನೆಯೊಂದಕ್ಕೆ ಕಬ್ಬು ತರುವ ಲಾರಿಗಳನ್ನು ಗೇಟಿನಲ್ಲಿಯೇ ಗುರುತಿಸಲು, ರೇಡಿಯೊ ಅಲೆಗಳ ಮೂಲಕ ಗುರುತು ತಿಳಿಸುವ, ಆಂಟೆನಾವನ್ನು ಬೆಳ್ಳಿ ಶಾಯಿಯಲ್ಲಿ ಮುದ್ರಿಸಿದ ಆರ್‌ಎಫ್‌ಐಡಿ ಟ್ಯಾಗ್‌ಗಳನ್ನು ಮುಂಗಾಜಿಗೆ ಅಂಟಿಸಲಾಗಿತ್ತು. ಬಾಗಲಕೋಟೆಯ ನಮ್ಮ ಮೇಜಿನ ಮೇಲೆ ಹಲವು ಮೀಟರ್ ದೂರದಿಂದ ರೀಡರಿಗೆ (ಟ್ಯಾಗ್ ಓದುವ ಯಂತ್ರಕ್ಕೆ) ಸಿಗುತ್ತಿದ್ದ ಅದೇ ಟ್ಯಾಗ್, ಗಾಜಿಗೆ ಅಂಟಿದೊಡನೆ ಹತ್ತಿರದಿಂದಲೂ ಸಿಗುತ್ತಿರಲಿಲ್ಲ.

ಕಾರಣ ಗಾಜಿನಲ್ಲಿಯೇ ಇತ್ತು. ನಮ್ಮ ದೇಶದಲ್ಲಿ ಈ ಬಳಕೆಯ ಆವರ್ತನ ಸುಮಾರು 866 ಮೆಗಾಹರ್ಟ್ಸ್. ಆಂಟೆನಾದ ಅಳತೆಗೆ ಆಧಾರವಾಗುವ ಅದರ ಅರ್ಧ ತರಂಗದ ಉದ್ದ ಗಾಳಿಯಲ್ಲಿ ಸುಮಾರು 17 ಸೆಂಟಿಮೀಟರ್. ಗಾಜಿನ ಡೈಎಲೆಕ್ಟ್ರಿಕ್ ಸ್ಥಿರಾಂಕ (ವಿದ್ಯುತ್ ಕ್ಷೇತ್ರಕ್ಕೆ ವಸ್ತು ಎಷ್ಟು ಸ್ಪಂದಿಸುತ್ತದೆ ಎಂಬ ಅಳತೆ) 6ರ ಆಸುಪಾಸಿನಲ್ಲಿರುವುದರಿಂದ, ಅದಕ್ಕೆ ಅಂಟಿದ ಆಂಟೆನಾ ವಿದ್ಯುತ್ ದೃಷ್ಟಿಯಿಂದ ಉದ್ದವಾಗಿ, ಅದರ ಅನುರಣನ, ಅಂದರೆ ಅದು ಅತಿ ಚೆನ್ನಾಗಿ ಸ್ಪಂದಿಸುವ ಬಿಂದು, ಕೆಳಗಿನ ಆವರ್ತನಕ್ಕೆ ಜಾರುತ್ತದೆ.

ಆದ್ದರಿಂದ ಗಾಜಿನ ದಪ್ಪವನ್ನೂ ಸೇರಿಸಿ ಆಂಟೆನಾದ ವರ್ತನೆಯನ್ನು ಕಂಪ್ಯೂಟರಿನಲ್ಲಿ ಸಿಮ್ಯುಲೇಶನ್ ಮಾಡಿದೆ. ಬಳಿಕ ಗುಜರಿಯಿಂದ ತಂದ ಲಾರಿಯ ಗಾಜಿನ ಮೇಲೆ ಆಂಟೆನಾದ ತಾಮ್ರದ ಪಟ್ಟಿಯ ಮಾದರಿಯನ್ನು ಅಂಟಿಸಿ, ಅದರ ಅಂಕುಡೊಂಕಾದ ಎರಡೂ ತೋಳುಗಳನ್ನು ಬ್ಲೇಡಿನಿಂದ ಸಮನಾಗಿ, ಒಂದೊಂದೇ ಮಿಲಿಮೀಟರ್ ಕತ್ತರಿಸುತ್ತಾ, ಪ್ರತಿ ಕತ್ತರಿಕೆಯ ನಂತರವೂ ಓದುವ ದೂರವನ್ನು ಅಳೆದೆ. ಟ್ಯಾಗಿನಲ್ಲಿರುವ ಮೈಕ್ರೋಚಿಪ್‌ನ ಕೆಪಾಸಿಟೆನ್ಸ್‌ಗೆ (ವಿದ್ಯುದಾವೇಶ ಹಿಡಿದಿಡುವ ಗುಣಕ್ಕೆ) ಸರಿದೂಗುವ ಇಂಡಕ್ಟೆನ್ಸ್ (ಪ್ರವಾಹದ ಬದಲಾವಣೆಯನ್ನು ತಡೆಯುವ ಗುಣ) ಒದಗಿಸುವ ನಡುವಿನ ಪುಟ್ಟ ಲೂಪನ್ನು ಕೊನೆಯಲ್ಲಿ ಸರಿಪಡಿಸಿದೆ. ನನ್ನ ಅನುಭವದಲ್ಲಿ ತೋಳುಗಳಿಗಿಂತ ಈ ಲೂಪಿನ ಅಳತೆಯೇ ಹೆಚ್ಚು ನಾಜೂಕು. ವಿದ್ಯುತ್ ಪ್ರವಾಹ ದಟ್ಟವಾಗಿರುವ ಆ ಭಾಗದಲ್ಲಿ, ಅಂತಿಮ ಟ್ಯಾಗಿನಲ್ಲಿ ಶಾಯಿಯನ್ನು ಎರಡು ಬಾರಿ ಮುದ್ರಿಸಿದ್ದರಿಂದ ನಷ್ಟವೂ ತಗ್ಗಿತು.

ಈಗ ಲಾರಿ ನಿಲ್ಲುವ ಮೊದಲೇ ಟ್ಯಾಗ್ ದಾಖಲಾಗುತ್ತದೆ. ಟ್ರ್ಯಾಕ್ಟರ್ ಟ್ರೇಲರುಗಳ ಕಬ್ಬಿಣದ ಮೈಗೆ ಮಾತ್ರ ಈ ವಿನ್ಯಾಸ ಒಗ್ಗದು. ಅಲ್ಲಿ ಲೋಹದಿಂದ ಅಂತರ ಕೊಡುವ ಫೋಮ್ ಪದರದ ಬೇರೆ ಟ್ಯಾಗ್ ಬೇಕು.