ಜರ್ಮನಿಯಲ್ಲಿ ರೈಲು: ತಿಂಗಳ ಪಾಸು ಎಲ್ಲಿಯವರೆಗೆ ಸಾಕು, ಐಸಿಇ ಯಾವಾಗ ಬೇಕು

ಜರ್ಮನಿಗೆ ಹೊಸದಾಗಿ ಬಂದವರು ಮೊದಲು ನೋಡಬೇಕಾದ್ದು ರೈಲಿನ ನಂಬರಿನ ಮುಂದಿರುವ ಅಕ್ಷರಗಳನ್ನು. ಎಸ್, ಆರ್‌ಬಿ, ಆರ್‌ಇ ಅಂತಿದ್ದರೆ ಅದು ಊರೊಳಗೆ, ಅಕ್ಕಪಕ್ಕದ ಊರುಗಳಿಗೆ ಓಡುವ ರೈಲು. ಐಸಿಇ, ಐಸಿ, ಇಸಿ ಅಂತಿದ್ದರೆ ದೂರದ್ದು. ಎರಡೂ ಒಂದೇ ನಿಲ್ದಾಣಕ್ಕೆ ಬರುತ್ತವೆ, ಹತ್ತುವಾಗ ಗೇಟೂ ಇಲ್ಲ, ತಡೆಯುವವರೂ ಇಲ್ಲ. ಟಿಕೆಟ್ ಲೆಕ್ಕ ಮಾತ್ರ ಪೂರ್ತಿ ಬೇರೆ. ಲೋಕಲ್ ರೈಲಿನಲ್ಲಿ ಟಿಕೆಟ್ ಇಲ್ಲದೆ ಸಿಕ್ಕಿಬಿದ್ದರೆ ಕನಿಷ್ಠ 60 ಯೂರೋ ದಂಡ.

ದಿನಾ ಆಫೀಸಿಗೆ ಹೋಗುವವರಿಗೆ ಡಾಯ್ಚ್‌ಲಾಂಡ್‌ಟಿಕೆಟ್ ಎಂಬ ತಿಂಗಳ ಪಾಸಿಗಿಂತ ಒಳ್ಳೆಯ ದಾರಿ ಇಲ್ಲ. 2023ರ ಮೇನಲ್ಲಿ 49 ಯೂರೋಗೆ ಶುರುವಾಯಿತು, 2025ರಲ್ಲಿ 58 ಆಯಿತು, 2026ರ ಜನವರಿಯಿಂದ 63. ಏರಿದೆ ನಿಜ, ಆದರೂ ಇಡೀ ದೇಶದ ಎಸ್-ಬಾನ್ (ಊರಿನ ಲೋಕಲ್ ರೈಲು), ಯು-ಬಾನ್ (ಮೆಟ್ರೋ), ಟ್ರಾಮ್, ಸಿಟಿ ಬಸ್ಸು, ಆರ್‌ಇ, ಆರ್‌ಬಿ ಎಲ್ಲಕ್ಕೂ ಅದೊಂದೇ ಸಾಕು. ಕಂಪನಿಯಲ್ಲಿ ಜಾಬ್‌ಟಿಕೆಟ್, ಅಂದರೆ ಕಂಪನಿಯೂ ಪಾಲು ಕೊಡುವ ಪಾಸು, ಇದೆಯಾ ಅಂತ ಎಚ್‌ಆರ್ ಅನ್ನು ತಪ್ಪದೇ ಕೇಳಿ. ಕಂಪನಿ ಕನಿಷ್ಠ 25 ಶೇಕಡಾ ಕೊಟ್ಟರೆ ಮೇಲೆ ಇನ್ನೂ 5 ಶೇಕಡಾ ರಿಯಾಯಿತಿ ಸಿಗುತ್ತದೆ. ಆಗ ನಿಮ್ಮ ಜೇಬಿನಿಂದ ಹೋಗುವುದು ಹೆಚ್ಚೆಂದರೆ 44 ಯೂರೋ ಚಿಲ್ಲರೆ. ಇದು ಚಂದಾ ಲೆಕ್ಕದ್ದು, ತಾನಾಗಿ ಮುಂದುವರಿಯುತ್ತದೆ. ಮುಂದಿನ ತಿಂಗಳಿಂದ ಬೇಡ ಅನ್ನಿಸಿದರೆ ಈ ತಿಂಗಳ 10ನೇ ತಾರೀಖಿನೊಳಗೆ ರದ್ದು ಮಾಡಬೇಕು. ಟಿಕೆಟ್ ನಿಮ್ಮ ಹೆಸರಿನಲ್ಲೇ ಇರುತ್ತದೆ, ಮನೆಯವರಿಗೆ ಕೊಡುವ ಹಾಗಿಲ್ಲ.

ದೂರದ ರೈಲುಗಳಲ್ಲಿ ಈ ಪಾಸು ನಡೆಯುವುದಿಲ್ಲ. ಐಸಿಇ ದರ ವಿಮಾನದ ಟಿಕೆಟ್ ಇದ್ದ ಹಾಗೆ, ಬೇಗ ತಗೊಂಡಷ್ಟೂ ಅಗ್ಗ. ಸೂಪರ್ ಸ್ಪಾರ್‌ಪ್ರೈಸ್ ಎಂಬ ಟಿಕೆಟ್ ಎಲ್ಲಕ್ಕಿಂತ ಕಡಿಮೆ, ಆದರೆ ರದ್ದು ಮಾಡಿದರೆ ದುಡ್ಡು ವಾಪಸ್ ಇಲ್ಲ, ಬುಕ್ ಮಾಡಿದ ಅದೇ ರೈಲಿನಲ್ಲೇ ಹೋಗಬೇಕು. ಫ್ಲೆಕ್ಸ್‌ಪ್ರೈಸ್‌ನಲ್ಲಿ ಆ ದಿನ ಯಾವ ರೈಲಾದರೂ ಸರಿ, ಬೆಲೆ ಮಾತ್ರ ಬಲು ಜಾಸ್ತಿ. ಸೀಟು ಕಾಯ್ದಿರಿಸಲು ಎರಡನೇ ದರ್ಜೆಯಲ್ಲಿ ಬೇರೆ ದುಡ್ಡು. ಶುಕ್ರವಾರ ಸಂಜೆ, ಭಾನುವಾರ ಸಂಜೆ ಅದನ್ನು ಉಳಿಸಲು ಹೋಗಬೇಡಿ, ನಿಂತೇ ಹೋಗಬೇಕಾದೀತು.

ಹಾಗಾದರೆ ಯಾವುದಕ್ಕೆ ಯಾವುದು? ಮ್ಯೂನಿಕ್‌ನಿಂದ ನ್ಯೂರೆಂಬರ್ಗಿಗೆ ಐಸಿಇಯಲ್ಲಿ ಒಂದು ಗಂಟೆ ಚಿಲ್ಲರೆ, ಆರ್‌ಇಯಲ್ಲಿ ಮುಕ್ಕಾಲು ಗಂಟೆಯಷ್ಟು ಹೆಚ್ಚು. ಕೈಯಲ್ಲಿ ಪಾಸಿದ್ದಾಗ ಅಷ್ಟಕ್ಕೆ ಬೇರೆ ದುಡ್ಡು ಯಾಕೆ? ಸಾಲ್ಜ್‌ಬರ್ಗ್ ಆಸ್ಟ್ರಿಯಾದಲ್ಲಿದ್ದರೂ ಅಲ್ಲಿನ ಮುಖ್ಯ ನಿಲ್ದಾಣದವರೆಗೆ ಪಾಸು ನಡೆಯುತ್ತದೆ. ಕೊಲೋನ್‌ನಿಂದ ಫ್ರಾಂಕ್‌ಫರ್ಟಿಗೆ ಹೋಗುವುದಾದರೆ ಸಮಯ ಇದ್ದಾಗ ಕೋಬ್ಲೆಂಜ್ ಮೂಲಕ ಲೋಕಲ್ ರೈಲಿನಲ್ಲೇ ಹೋಗಿ. ಹೊತ್ತು ಜಾಸ್ತಿ ಹಿಡಿಯುತ್ತದೆ, ಆದರೆ ರೈನ್ ನದಿ, ಗುಡ್ಡದ ಮೇಲಿನ ಕೋಟೆಗಳು ಕಿಟಕಿಯ ಪಕ್ಕದಲ್ಲೇ ಸಾಗುತ್ತವೆ. ಐಸಿಇ ದಾರಿಯಲ್ಲಿ ಸಿಗುವುದು ಬರೀ ಸುರಂಗಗಳು. ಮ್ಯೂನಿಕ್‌ನಿಂದ ಬರ್ಲಿನ್ನಿಗೆ ಮಾತ್ರ ಈ ಸಾಹಸ ಬೇಡ. ವೇಗದ ಐಸಿಇ ನಾಲ್ಕು ಗಂಟೆಗೆ ಮುಟ್ಟಿಸುತ್ತದೆ; ಲೋಕಲ್‌ನಲ್ಲಿ ಹೋದರೆ ಹಲವು ಬಾರಿ ಇಳಿದು ಹತ್ತಬೇಕು, ದಿನವೇ ಕಳೆಯುತ್ತದೆ. ಮಕ್ಕಳು, ಲಗೇಜು ಇದ್ದರಂತೂ ಕೇಳಲೇಬೇಡಿ.

ತುಂಬಾ ಜನರಿಗೆ ಗೊತ್ತಿಲ್ಲದ ಒಂದು ಮಾತು. ಪಾಸಿದೆಯಲ್ಲ ಅಂತ ಮನೆಯಿಂದ ದೊಡ್ಡ ನಿಲ್ದಾಣದವರೆಗೆ ಲೋಕಲ್‌ನಲ್ಲಿ ಹೋಗಿ, ಅಲ್ಲಿಂದ ಮಾತ್ರ ಸೂಪರ್ ಸ್ಪಾರ್‌ಪ್ರೈಸ್ ತಗೊಳ್ಳುತ್ತಾರೆ. ಲೋಕಲ್ ತಡವಾಗಿ ಐಸಿಇ ತಪ್ಪಿದರೆ ಆ ಟಿಕೆಟ್ ಹೋದಂತೆಯೇ, ಯಾಕೆಂದರೆ ಲೆಕ್ಕದಲ್ಲಿ ಅವು ಎರಡು ಬೇರೆ ಪ್ರಯಾಣ. ಅದರ ಬದಲು ನಿಮ್ಮ ಊರಿನ ನಿಲ್ದಾಣದಿಂದಲೇ ಒಂದೇ ಟಿಕೆಟ್ ಬುಕ್ ಮಾಡಿ. ಆಗ ತಲುಪುವುದು 20 ನಿಮಿಷ ಅಥವಾ ಹೆಚ್ಚು ತಡವಾಗುವಂತಿದ್ದರೆ ಬೇರೆ ರೈಲು ಹತ್ತಬಹುದು. ಒಂದು ಗಂಟೆ ತಡವಾದರೆ ದರದ 25 ಶೇಕಡಾ, ಎರಡು ಗಂಟೆಯಾದರೆ 50 ಶೇಕಡಾ ವಾಪಸ್ ಸಿಗುತ್ತದೆ. ಮೂರು ತಿಂಗಳೊಳಗೆ ಕೇಳಬೇಕು, ಅವರಾಗಿಯೇ ಕೊಡುವುದಿಲ್ಲ.

ಹತ್ತುವ ಮುಂಚೆ ಡಬ್ಬಿಯ ಬೋರ್ಡನ್ನೂ ಓದಿ. ಮ್ಯೂನಿಕ್‌ನಿಂದ ದಕ್ಷಿಣಕ್ಕೆ ಹೋಗುವ ಕೆಲವು ಲೋಕಲ್ ರೈಲುಗಳು ಹೋಲ್ಜ್‌ಕಿರ್ಶನ್‌ನಲ್ಲಿ ಬೇರೆಯಾಗುತ್ತವೆ. ಒಂದು ಭಾಗ ಬೈರಿಶ್‌ತ್ಸೆಲ್ ಕಡೆ, ಇನ್ನೊಂದು ಟೇಗರ್ನ್‌ಸೇ, ಲೆಂಗ್‌ಗ್ರೀಸ್ ಕಡೆ. ತಪ್ಪು ಡಬ್ಬಿಯಲ್ಲಿ ಕೂತಿದ್ದೀರಿ ಅಂತ ಗೊತ್ತಾದರೆ ಹೋಲ್ಜ್‌ಕಿರ್ಶನ್‌ನಲ್ಲೇ ಇಳಿದು ಸರಿಯಾದ ಭಾಗಕ್ಕೆ ಹೋಗಿ.